ಡಬ್ಬಿ ನೋಡಿ ಧಡಾ

ಗುರುವಾರ, ಬೆಳಿಗ್ಗೆ ಹತ್ತು ಗಂಟೆ ಹತ್ತು ನಿಮಿಷ. ಗೋಕುಲ ರಸ್ತೆಯ ಗಾಣದ ಎಣ್ಣೆಯ ಅಂಗಡಿ. ಇದ್ದವರು ಇಬ್ಬರೇ: ಅಂಗಡಿ ನಡೆಸುವ ಹೆಣ್ಣುಮಗಳು ಮತ್ತು ನಾನು. ನನ್ನ ಕೈಯಲ್ಲಿ ಎರಡು ಕಿಲೋ ಹಿಡಿಯುವ ಸ್ಟೀಲಿನ ಡಬ್ಬಿ.

ದಿನ, ವೇಳೆ, ಹಾಜರಿದ್ದವರು ಎಂದು ಮೊದಲು ಬರೆದುಕೊಂಡೇ ಮುಂದಿನದನ್ನು ಬರೆಯುವುದು ನನ್ನ ರೂಢಿ. ಮೂವತ್ತನಾಲ್ಕು ವರ್ಷ ಆಸ್ಪತ್ರೆಯಲ್ಲಿ ವಾರ್ಡಿನ ರಿಪೋರ್ಟ್ ಪುಸ್ತಕ ಬರೆದವಳು ನಾನು. ನಿವೃತ್ತಳಾಗಿ ಹನ್ನೆರಡು ವರ್ಷವಾದರೂ ಐದಕ್ಕೆ ಏಳುತ್ತೇನೆ. ಹಾಸಿಗೆಯ ಚಾದರದ ಮೂಲೆಗಳನ್ನು ವಾರ್ಡಿನಲ್ಲಿ ಮಡಚುತ್ತಿದ್ದಂತೆಯೇ ಮಡಚುತ್ತೇನೆ. ಗುರುವಾರ ಎಣ್ಣೆ ತರುವ ದಿನ.

ಈ ಅಂಗಡಿಗೆ ಹೋದದ್ದು ಇದೇ ಮೊದಲು. ಕುಸುಬಿ ಎಣ್ಣೆ ಎರಡು ಕಿಲೋ ಕೇಳಿದೆ. ಆಕೆ ನನ್ನ ಖಾಲಿ ಡಬ್ಬಿಯನ್ನು ತೂಕದ ಯಂತ್ರದ ಮೇಲಿಟ್ಟಳು. ಕೆಂಪು ಅಂಕಿಗಳು ಡಬ್ಬಿಯ ತೂಕ ತೋರಿಸಿದವು. ಒಂದು ಗುಂಡಿ ಒತ್ತಿದಳು. ಡಬ್ಬಿ ಅಲ್ಲೇ ಇತ್ತು, ಅಂಕಿ ಮಾತ್ರ ಸೊನ್ನೆಯಾಯಿತು.

"ಧಡಾ ಆತೇನವಾ?" ಎಂದೆ. ಆ ಮಾತು ನನ್ನ ಬಾಯಿಂದ ಬಂದು ಎಷ್ಟು ವರ್ಷವಾಗಿತ್ತೋ.

ಆಕೆ ನಕ್ಕಳು. "ಧಡಾ ಎಲ್ಲೈತ್ರಿ ಅವ್ವಾರ ಈಗ. ಗುಂಡಿ ಒತ್ತಿದ್ರ ಡಬ್ಬಿ ತೂಕ ಮಾಯ. ಕಲ್ಲು ಹುಡುಕ್ಕೋತ ಯಾರು ಕುಂದರತಾರ?"

ಈಗಿನವರಿಗೆ ಗೊತ್ತಿರಲಿಕ್ಕಿಲ್ಲ. ಹಿಂದೆ ಎಣ್ಣೆ, ತುಪ್ಪ, ಬೆಲ್ಲ ತರುವಾಗ ಡಬ್ಬಿ ನಮ್ಮದೇ ಒಯ್ಯಬೇಕು. ಅಂಗಡಿಯವನು ಖಾಲಿ ಡಬ್ಬಿಯನ್ನು ತಕ್ಕಡಿಯ ಒಂದು ಪರಡಿಯಲ್ಲಿಟ್ಟು ಇನ್ನೊಂದು ಪರಡಿಯಲ್ಲಿ ಕಲ್ಲು, ಹಂಚಿನ ಚೂರು, ಕಬ್ಬಿಣದ ತುಂಡು, ಕೈಗೆ ಸಿಕ್ಕದ್ದನ್ನು ಇಟ್ಟು ಎರಡೂ ಸಮ ಮಾಡುತ್ತಿದ್ದ. ಅದು ಧಡಾ. ಡಬ್ಬಿಯ ಭಾರವನ್ನು ಇನ್ನೊಂದು ಭಾರದಿಂದ ಹೊಡೆದು ಹಾಕಿದ ಮೇಲೆಯೇ ನಿಜವಾದ ತೂಕ ಶುರು.

ಎಣ್ಣೆ ಡಬ್ಬಿಗೆ ಬೀಳತೊಡಗಿತು. ಆ ವಾಸನೆ ಮೂಗಿಗೆ ಬಂತು... ಫಿನಾಯಿಲ್ ಇಲ್ಲದ ಬರೀ ಕುಸುಬಿ ಎಣ್ಣೆಯ ವಾಸನೆ. ನನಗೆ ಅವೆರಡೂ ಯಾವಾಗಲೂ ಕೂಡಿಯೇ ಬರುತ್ತಿದ್ದವು. ಬೆಳಿಗ್ಗೆ ಆರಕ್ಕೆ ನಾನು ವಾರ್ಡಿಗೆ ಕಾಲಿಡುವಾಗ ಒಂದು ನೆಲದಿಂದ ಬರುತ್ತಿತ್ತು, ಇನ್ನೊಂದು ನೆಲ ಒರೆಸುತ್ತಿದ್ದ ಆಯಾಳ ತಲೆಯಿಂದ.

ಆಸ್ಪತ್ರೆಯ ಹೆಸರು ಬೇಡ. ತಪ್ಪು ಆಸ್ಪತ್ರೆಯದಲ್ಲ.

ನಾನು ಎಲುಬಿನ ವಾರ್ಡಿಗೆ ಇನ್‌ಚಾರ್ಜ್ ಸಿಸ್ಟರ್ ಆಗಿ ಬಂದಾಗ ನನಗೆ ಇಪ್ಪತ್ತೆಂಟು. ಆಯಾ ನನ್ನ ತಾಯಿಯ ವಯಸ್ಸಿನವಳು. ಹದಿನಾರು ವರ್ಷದಿಂದ ಅದೇ ವಾರ್ಡಿನಲ್ಲಿ ದಿನಗೂಲಿಯ ಮೇಲೆ ಕಸ ಹೊಡೆಯುತ್ತಿದ್ದಳು, ನೆಲ ಒರೆಸುತ್ತಿದ್ದಳು, ಬೆಡ್‌ಪ್ಯಾನ್ ತೊಳೆಯುತ್ತಿದ್ದಳು. ತವರಿನಲ್ಲಿ ಎತ್ತಿನ ಗಾಣ ಇತ್ತಂತೆ. ಗಂಡ ತೀರಿಕೊಂಡ ಮೇಲೆ ಮಗಳನ್ನು ಕರೆದುಕೊಂಡು ಹಳೇ ಹುಬ್ಬಳ್ಳಿಗೆ ಬಂದಿದ್ದಳು. ರೋಗಿಗಳು ಅವಳನ್ನು ಆಯಿ ಎಂದು, ಅಜ್ಜಿಯನ್ನು ಕರೆದಂತೆ, ಕರೆಯುತ್ತಿದ್ದರು. ನಾನು "ನೀನು" ಎನ್ನುತ್ತಿದ್ದೆ. ಅವಳು ನನಗೆ "ಅಕ್ಕಾರ" ಎನ್ನುತ್ತಿದ್ದಳು.

ಆ ಕಾಲದಲ್ಲಿ ತೊಡೆಯ ಎಲುಬು ಮುರಿದವರು ಆರರಿಂದ ಎಂಟು ವಾರ ಮಂಚದಲ್ಲೇ ಇರಬೇಕಿತ್ತು. ಮುರಿದ ತುದಿಗಳನ್ನು ಸ್ನಾಯುಗಳು ಸೆಳೆದು ಒಂದರ ಮೇಲೊಂದು ಏರಿಸಿಬಿಡುತ್ತವೆ. ಅದಕ್ಕೆ ಕಾಲಿಗೆ ಹಗ್ಗ ಕಟ್ಟಿ, ಮಂಚದ ಕಾಲ್ದೆಸೆಯ ಗಾಲಿಯ ಮೇಲೆ ಹಾಯಿಸಿ, ತುದಿಗೆ ಭಾರ ಇಳಿಬಿಡುತ್ತಿದ್ದೆವು. ಕಬ್ಬಿಣದ ತೂಕಗಳು ನಮ್ಮಲ್ಲಿ ಸಾಲದ್ದರಿಂದ ಮನೆ ಕಟ್ಟುವ ಇಟ್ಟಂಗಿಗಳನ್ನು ಬಟ್ಟೆಯ ಚೀಲಕ್ಕೆ ಹಾಕಿ ತೂಗಿಬಿಡುವುದು. ಮಂಚದ ಕಾಲ್ದೆಸೆಯ ಎರಡು ಕಾಲುಗಳ ಕೆಳಗೆ ಮರದ ದಿಮ್ಮಿ ಇಟ್ಟು ಎತ್ತರಿಸುವುದು. ಏಕೆ ಎತ್ತರಿಸಬೇಕು ಎಂಬುದನ್ನು ನಾನು ತರಬೇತಿಯಲ್ಲಿ ಚಿತ್ರ ಬರೆದು, ಬಾಣದ ಗುರುತು ಹಾಕಿ ಕಲಿತಿದ್ದೆ.

ಒಂದು ದಿನ ಪರದೆಯ ಆಚೆ ಆಯಾ ಅದನ್ನೇ ಹೊಸ ವಿದ್ಯಾರ್ಥಿನಿಯೊಬ್ಬಳಿಗೆ ಹೇಳುತ್ತಿದ್ದುದು ಕೇಳಿಸಿತು.

"ನೋಡವಾ ತಂಗಿ, ಇಟ್ಟಂಗಿ ಕಾಲು ಜಗ್ಗತಾವು. ಬರೇ ಜಗ್ಗಿದ್ರ ಮನಷ್ಯಾ ಪೂರಾ ಜಾರಿ ಬರತಾನ. ಈ ಕಡೆ ಮಂಚ ಎತ್ತಿದ್ರ ಅವನ ಮೈಭಾರ ತಲೀ ಕಡೆ ಜಗ್ಗತೈತಿ. ಇದಕ್ಕ ಅದು ಧಡಾ. ಮತ್ತ ಧಡಾ ಡಬ್ಬಿ ನೋಡಿ ಮಾಡಬೇಕು. ಒಬ್ಬರ ಡಬ್ಬಿಗೆ ಮಾಡಿದ್ದು ಇನ್ನೊಬ್ಬರದಕ್ಕ ನಡಿಯಂಗಿಲ್ಲ."

ಹುಡುಗಿ ತಲೆಯಾಡಿಸಿದಳು. ನಾನು ಹಿಂದಿನ ವಾರ ಅರ್ಧ ಗಂಟೆ ಹೇಳಿದಾಗ ಅವಳು ಹೀಗೆ ತಲೆಯಾಡಿಸಿರಲಿಲ್ಲ. ನಾನು ಪರದೆ ಸರಿಸಿ, ಸಿಂಕುಗಳು ಹಾಗೇ ಬಿದ್ದಿವೆ ಎಂದೆ. ಆಯಾ ಪೊರಕೆ ಎತ್ತಿಕೊಂಡು ಹೋದಳು.

ಅವಳಿಗೊಂದು ಅಳತೆ ಇತ್ತು. ಕಸ ಹೊಡೆಯುವಾಗ ಪ್ರತಿ ಮಂಚದ ಕೊನೆಗೆ ಬಗ್ಗಿ, ತೂಗಿಬಿಟ್ಟ ಇಟ್ಟಂಗಿಗೂ ನೆಲಕ್ಕೂ ನಡುವೆ ಕೈ ಬಿಡಿಸಿ ನೋಡುತ್ತಿದ್ದಳು. ಒಂದು ಗೇಣು ಇರಬೇಕು. ಕಡಿಮೆಯಾಗಿದ್ದರೆ ರೋಗಿ ಕೆಳಗೆ ಜಾರಿದ್ದಾನೆ ಎಂದರ್ಥ. ಇಟ್ಟಂಗಿ ನೆಲಕ್ಕೆ ತಾಗಿಬಿಟ್ಟರೆ ಜಗ್ಗುವುದು ನಿಂತೇ ಹೋಗುತ್ತದೆ. ನನಗಿಂತ ಮುಂಚಿನ ಸಿಸ್ಟರ್ ಅವಳ ಮಾತು ಕೇಳಿ ರೋಗಿಯನ್ನು ಮೇಲಕ್ಕೆ ಸರಿಸುತ್ತಿದ್ದರಂತೆ.

ನನ್ನ ಕಣ್ಣಿಗೆ ಬಿದ್ದದ್ದು ಬೇರೆ. ದಿಮ್ಮಿಗಳು. ಒಂದು ಮಂಚಕ್ಕೆ ಅರ್ಧ ಮೊಳ ಎತ್ತರದವು, ಇನ್ನೊಂದಕ್ಕೆ ಆರು ಬೆರಳಿನಷ್ಟು, ಮತ್ತೊಂದರ ಕೆಳಗೆ ದಿಮ್ಮಿಯ ಮೇಲೆ ಹಲಗೆಯ ತುಂಡು. ವಾರ್ಡಿನ ಬಾಗಿಲಲ್ಲಿ ನಿಂತು ನೋಡಿದರೆ ಹನ್ನೆರಡು ಮಂಚಗಳು ಹನ್ನೆರಡು ಎತ್ತರ. ನಾನು ತರಬೇತಿ ಪಡೆದ ಕಡೆ ಮಂಚದ ಗಾಲಿಗಳೆಲ್ಲ ಒಂದೇ ದಿಕ್ಕಿಗೆ ತಿರುಗಿರಬೇಕಿತ್ತು. ದಿಂಬಿನ ಬಾಯಿ ಬಾಗಿಲ ಕಡೆ ಇದ್ದರೆ ಬೈಗುಳ. ನಾನು ಬಡಿಗನಿಗೆ ಹೇಳಿ ಇಪ್ಪತ್ತನಾಲ್ಕು ದಿಮ್ಮಿ ಒಂದೇ ಅಳತೆಗೆ ಮಾಡಿಸಿದೆ. ಬಿಳಿ ಬಣ್ಣ ಹೊಡೆಸಿದೆ. ಒಂದು ಶುಕ್ರವಾರ ಎಲ್ಲ ಮಂಚಗಳಿಗೂ ಹಾಕಿಸಿದೆ. ಮೇಟ್ರನ್ ಬಂದು ಬಾಗಿಲಲ್ಲೇ ನಿಂತು, "ಈಗ ವಾರ್ಡಿನಂತೆ ಕಾಣುತ್ತಿದೆ" ಎಂದರು. ಆ ಮಾತಿಗೆ ನಾನು ಎಷ್ಟು ಹಿಗ್ಗಿದ್ದೆ ಎಂಬುದು ಇಂದಿಗೂ ನೆನಪಿದೆ.

ಏಳನೇ ಮಂಚದಲ್ಲಿ ಅಮರಗೋಳದ ಮಾರುಕಟ್ಟೆಯ ಹಮಾಲನೊಬ್ಬನಿದ್ದ. ಲಾರಿಯ ಮೇಲಿಂದ ಮೆಣಸಿನಕಾಯಿ ಚೀಲದೊಂದಿಗೇ ಬಿದ್ದು ತೊಡೆ ಮುರಿದುಕೊಂಡಿದ್ದ. ಎತ್ತರದ, ಭಾರದ ಆಳು. ಅವನ ಕಾಲಿಗೆ ಎಲ್ಲರಿಗಿಂತ ಹೆಚ್ಚು ಇಟ್ಟಂಗಿ. "ಹುಟ್ಟಿದಾಗಿಂದ ನಾ ಚೀಲಾ ಹೊತ್ತೆ. ಈಗ ಇಟ್ಟಂಗಿ ಕುಂತು ನನ್ನ ಜಗ್ಗಾಕತ್ತಾವ ನೋಡ್ರಿ" ಎಂದು ಬಂದವರಿಗೆಲ್ಲ ಹೇಳುತ್ತಿದ್ದ.

ಶನಿವಾರ ಬೆಳಿಗ್ಗೆ ಆಯಾ ನನ್ನ ಮೇಜಿನ ಬಳಿ ಬಂದಳು.

"ಅಕ್ಕಾರ, ಏಳನೇ ನಂಬರದವ್ರು ಜಾರ್‍ಯಾರ್ರಿ. ಇಟ್ಟಂಗಿ ನಾಕು ಬೆರಳು ಅಷ್ಟ ಉಳದೈತಿ. ಅವರಿಗೆ ಹಳೇ ಎತ್ತರದ ದಿಮ್ಮೀನ ಇರಲ್ರಿ. ದೊಡ್ಡ ಆಳು."

"ಎಲ್ಲಾರಿಗೂ ಒಂದ ಅಳತಿ. ನಿನ್ನ ಕೆಲಸ ನೆಲದ್ದು. ಮಂಚದ್ದು ನನ್ನ ಕೆಲಸ" ಎಂದೆ.

ಭಾನುವಾರ ಮುಂಜಾನೆ ನಾನು ಬಂದಾಗ ಅವಳು ಹಮಾಲನ ಹೆಂಡತಿಯನ್ನು ಜೊತೆಗೆ ಕರೆದುಕೊಂಡು ಅವನನ್ನು ಮೇಲಕ್ಕೆ ಸರಿಸುತ್ತಿದ್ದಳು. ನಾನು ಹನ್ನೆರಡು ಮಂಚಗಳ ಮುಂದೆ ಅವಳನ್ನು ಬೈದೆ. ಇನ್ನೊಮ್ಮೆ ಮಂಚ ಮುಟ್ಟಿದರೆ ಬರೆದು ಕಳಿಸುತ್ತೇನೆ ಎಂದೆ. "ಇಟ್ಟಂಗಿ ನೆಲಕ್ಕ ಹತ್ತಾಕ ಬಂದೈತ್ರಿ ಅಕ್ಕಾರ" ಎಂದು ಮತ್ತೊಮ್ಮೆ ಅಂದಳು. ಆಮೇಲೆ ಮುಟ್ಟಲಿಲ್ಲ. ನಾನೂ ಬಗ್ಗಿ ನೋಡಲಿಲ್ಲ. ಅವಳು ಹೇಳಿದಳೆಂದು ಬಗ್ಗಿ ನೋಡುವುದು ನನಗೆ ಆಗಲಿಲ್ಲ... ಅಷ್ಟೇ ಕಾರಣ. ಬೇರೆ ಕಾರಣ ಹುಡುಕಿದ್ದೇನೆ, ಸಿಕ್ಕಿಲ್ಲ.

ಬುಧವಾರ ದೊಡ್ಡ ಡಾಕ್ಟರ ರೌಂಡ್ಸ್. ಹಿಂದಿನ ದಿನ ತೆಗೆದ ಎಕ್ಸ್‌ರೇ ಬೆಳಕಿಗೆ ಹಿಡಿದರು. ಎಲುಬಿನ ತುದಿಗಳು ಒಂದರ ಮೇಲೊಂದು ಏರಿದ್ದವು. ಅವರು ಮಂಚದ ಕೊನೆಗೆ ಹೋಗಿ ಬಗ್ಗಿದರು. ಇಟ್ಟಂಗಿಯ ಚೀಲ ನೆಲದ ಮೇಲೆ ಕುಳಿತಿತ್ತು. ಹಗ್ಗ ಸಡಿಲವಾಗಿ ಜೋಲುತ್ತಿತ್ತು.

"ಇದನ್ನ ಮುಟ್ಟಿದವರು ಯಾರು?"

ನನ್ನ ಕಣ್ಣು ಬಿಳಿ ದಿಮ್ಮಿಯ ಮೇಲೆ ಹೋಯಿತು. ಆ ಕ್ಷಣದಲ್ಲಿ ನನಗೆ ಎಲ್ಲ ತಿಳಿಯಿತು. ತಿಳಿಯಲಿಲ್ಲ ಎಂದು ನನ್ನಷ್ಟಕ್ಕೆ ನಾನು ಎಂದೂ ಹೇಳಿಕೊಂಡಿಲ್ಲ.

"ಸರ್, ಆಯಾ ನೆಲ ಒರೆಸುವಾಗ ಚೀಲ ಎತ್ತಿ ಕೆಳಗಿಟ್ಟಿರಬೇಕು. ಭಾನುವಾರವೇ ಮಂಚ ಮುಟ್ಟಬೇಡ ಎಂದು ಹೇಳಿದ್ದೆ" ಎಂದೆ.

ಆಯಾ ಬಾಗಿಲಲ್ಲಿ ಫಿನಾಯಿಲ್ ಬಕೀಟು ಹಿಡಿದು ನಿಂತಿದ್ದಳು. ಅವಳು ನನ್ನನ್ನು ನೋಡಲಿಲ್ಲ, ದಿಮ್ಮಿಯನ್ನು ನೋಡಿದಳು. ಹಮಾಲ ಮೊಣಕೈ ಊರಿ ಏಳಲು ನೋಡಿದ. "ಸಾಹೇಬ್ರ, ಆಯಿ ಮುಟ್ಟಿಲ್ರಿ, ಆಕಿ ಅವತ್ತ..." ಎಂದು ಶುರು ಮಾಡಿದ. ನನ್ನ ಕೈಯಲ್ಲಿದ್ದ ಟ್ರೇಯಿಂದ ಥರ್ಮಾಮೀಟರ್ ತೆಗೆದು ಅವನ ಬಾಯಲ್ಲಿಟ್ಟೆ.

"ಮಾತಾಡಬ್ಯಾಡ್ರಿ. ಎರಡು ನಿಮಿಷ."

ಎರಡು ನಿಮಿಷದಲ್ಲಿ ಡಾಕ್ಟರು ಎಂಟನೇ ಮಂಚ ದಾಟಿ ಒಂಬತ್ತಕ್ಕೆ ಹೋಗಿದ್ದರು.

ರಿಪೋರ್ಟ್ ಪುಸ್ತಕದಲ್ಲಿ ನಾನು ಹೇಳಿದ್ದನ್ನೇ ಬರೆದೆ. ಸೊಗಸಾದ ಅಕ್ಷರ ನನ್ನದು. ಆ ತಿಂಗಳೇ ಹಳೆಯ ದಿನಗೂಲಿಯವರನ್ನು ಕಾಯಂ ಮಾಡುವ ಪಟ್ಟಿ ಆಫೀಸಿನಿಂದ ಹೋಗುವುದಿತ್ತು. ಹದಿನಾರು ವರ್ಷ ಅವಳು ಕಾದದ್ದು ಅದಕ್ಕೆ. ಆಫೀಸಿನವರು ಪ್ರತಿ ವಾರ್ಡಿನ ಪುಸ್ತಕ ತರಿಸಿ ನೋಡಿದರು. ಅವಳ ಹೆಸರು ಪಟ್ಟಿಗೆ ಏರಲಿಲ್ಲ. ಹೊಸ ತಿಂಗಳಿನಿಂದ ಬರಬೇಡ ಎಂದೂ ಹೇಳಿದರು.

ಕೊನೆಯ ದಿನ ಸಂಜೆ ಮೆಟ್ಟಿಲ ಕೆಳಗಿನ ಗೂಡಿನಿಂದ ತನ್ನ ತಾಟು, ಲೋಟ, ಎಣ್ಣೆಯ ಸಣ್ಣ ಸೀಸೆ ತೆಗೆದು ಚೀಲಕ್ಕೆ ಹಾಕಿಕೊಂಡು ನನ್ನ ಮೇಜಿನ ಬಳಿ ನಿಂತಳು. ಬೈಯುತ್ತಾಳೆ ಎಂದುಕೊಂಡೆ. ಬೈದಿದ್ದರೆ ಒಳ್ಳೆಯದಿತ್ತು.

"ಏಳನೇ ನಂಬರದ್ದು ದಿಮ್ಮಿ ಅಷ್ಟ ಬದಲೀ ಮಾಡ್ರಿ ಅಕ್ಕಾರ. ಪಾಪ, ಹೊರೋ ಮನಷ್ಯಾ" ಎಂದಳು.

ಬದಲಿ ಮಾಡಲು ಏನೂ ಉಳಿದಿರಲಿಲ್ಲ. ರೌಂಡ್ಸ್ ಮುಗಿದ ಆ ಬುಧವಾರ ಮಧ್ಯಾಹ್ನವೇ, ಎಲ್ಲರೂ ಊಟಕ್ಕೆ ಹೋದಾಗ, ನಾನೇ ಹಳೆಯ ದಿಮ್ಮಿಗಳನ್ನು ಉಗ್ರಾಣದಿಂದ ತಂದು, ಗೇಟಿನ ಕಾವಲುಗಾರನನ್ನು ಕರೆದು, ಏಳನೇ ಮಂಚಕ್ಕೆ ಹಾಕಿಸಿದ್ದೆ. ಅವಳಿಗೆ ಅದು ಗೊತ್ತಿರಲಿಲ್ಲವೋ, ಗೊತ್ತಿದ್ದೇ ಹೇಳಿದಳೋ... "ಹ್ಞೂಂ" ಎಂದೆ. ಹಮಾಲ ಮತ್ತೆ ಮೊದಲಿನಿಂದ ಆರು ವಾರ ಮಲಗಿ, ನೆಟ್ಟಗಿನ ಕಾಲಿನಿಂದ ಮನೆಗೆ ಹೋದ. ಹೋಗುವಾಗ ನನಗೆ ಕೈ ಮುಗಿಯಲಿಲ್ಲ.

ಆಮೇಲಿನ ವರ್ಷಗಳಲ್ಲಿ ನಾನು ಎರಡು ಗಂಟೆಗೊಮ್ಮೆ ಪ್ರತಿ ಮಂಚದ ಕೊನೆಗೆ ಬಗ್ಗಿ ಗೇಣು ಹಾಕಿ ನೋಡಿದೆ. ಬಂದ ವಿದ್ಯಾರ್ಥಿನಿಯರಿಗೆಲ್ಲ ಅದನ್ನೇ ಕಲಿಸಿದೆ. ನಿವೃತ್ತಿಯ ದಿನ ಅವರಲ್ಲೊಬ್ಬಳು ಎದ್ದು ನಿಂತು, "ಒಂದು ಗೇಣು ಎಂಬ ಪಾಠ ನಮ್ಮ ಮೇಡಂ ಅವರದು" ಎಂದಳು. ಚಪ್ಪಾಳೆ ಬಿತ್ತು. ನಾನು ಎದ್ದು ಹೇಳಬಹುದಿತ್ತು. ಶಾಲು ಸರಿಪಡಿಸಿಕೊಂಡು ಕುಳಿತೆ.

ಅದಕ್ಕೂ ಮೊದಲೊಮ್ಮೆ ಆಯಾಳನ್ನು ನೋಡಿದ್ದೆ. ವರ್ಷದ ಖಾರದ ಪುಡಿಗೆ ಮೆಣಸಿನಕಾಯಿ ತರಲು ಅಮರಗೋಳಕ್ಕೆ ಹೋಗಿದ್ದೆ. ರಾಶಿಯ ಸುತ್ತ ಕುಳಿತು ತೊಟ್ಟು ಬಿಡಿಸುತ್ತಿದ್ದ ಹೆಂಗಸರಲ್ಲಿ ಒಬ್ಬಳು ಮೂಗಿಗೆ ಕಟ್ಟಿದ ಸೆರಗು ಇಳಿಸಿ, "ಅಕ್ಕಾರ, ಆರಾಮ ಅದೀರಿ?" ಎಂದಳು. ತಲೆ ಪೂರ್ತಿ ಬೆಳ್ಳಗಾಗಿತ್ತು. ಕೈಬೆರಳು ಖಾರದಿಂದ ಊದಿದ್ದವು.

"ಈಗೂ ದಿಮ್ಮಿ ಎಲ್ಲಾ ಒಂದ ಎತ್ತರ ಅದಾವೇನ್ರಿ?" ಎಂದು ನಕ್ಕಳು.

"ಇಲ್ಲ. ಆಳು ನೋಡಿ ಇಡತೇವಿ."

"ಛಲೋ ಆತು."

ಎಲ್ಲಿರುತ್ತೀ ಎಂದು ಕೇಳಿದೆ. ಹಳೇ ಹುಬ್ಬಳ್ಳಿಯ ಅದೇ ಓಣಿ, ಹಿಟ್ಟಿನ ಗಿರಣಿಯ ಹಿಂದೆ, ಮಗಳ ಮನೆ ಎಂದಳು. ಏನಾದರೂ ಬೇಕಾದರೆ ಹೇಳು ಎಂದೆ. ಅವಳು ಮೆಣಸಿನಕಾಯಿಯಿಂದ ಕಣ್ಣೆತ್ತದೆ, "ನನಗೇನ್ ಬೇಕ್ರಿ. ಹೇಳೂದಿದ್ರ ನೀವ ಹೇಳಬೇಕು" ಎಂದಳು. ನಾನು ಗಡಿಯಾರ ನೋಡಿಕೊಂಡೆ. ಎರಡಕ್ಕೆ ಡ್ಯೂಟಿ ಇತ್ತು. ಇನ್ನೊಮ್ಮೆ ಬರುತ್ತೇನೆ ಎಂದು ಹೊರಟೆ.

ಆ ವಿಳಾಸ ಇಪ್ಪತ್ತೆಂಟು ವರ್ಷ ನನ್ನ ಬಳಿ ಇತ್ತು.

ಇಂದು ಎಣ್ಣೆಯ ಡಬ್ಬಿ ಹಿಡಿದುಕೊಂಡು ಅಂಗಡಿಯ ಮೆಟ್ಟಿಲು ಇಳಿದವಳು ಮನೆಯ ಕಡೆ ತಿರುಗದೆ ಆಟೋ ಹತ್ತಿದೆ. ಅವಳು ಬದುಕಿರಲಿಕ್ಕಿಲ್ಲ ಎಂಬುದು ನನಗೆ ಗೊತ್ತಿತ್ತು. ಗೊತ್ತಿದ್ದುದರಿಂದಲೇ ಹೊರಡಲು ಧೈರ್ಯ ಬಂತು. ಇದನ್ನೂ ಬರೆದಿಡಬೇಕು.

ಹನ್ನೊಂದೂಕಾಲಕ್ಕೆ ಗಿರಣಿಯ ಹಿಂದಿನ ಮನೆ ಸಿಕ್ಕಿತು. ಕಟ್ಟೆಯ ಮೇಲೆ ಅರವತ್ತರ ಸಮೀಪದ ಹೆಂಗಸೊಬ್ಬಳು ಮೆಂತ್ಯಪಲ್ಲೆ ಸೋಸುತ್ತಿದ್ದಳು. ತಾಯಿಯದೇ ಹಣೆ. ನಾನು ಯಾರೆಂದು ಹೇಳಿದೆ. ಅವಳು ಪಲ್ಲೆಯ ಮೊರ ಸರಿಸಿ ಜಾಗ ಮಾಡಿದಳು.

"ಅವ್ವ ಹೋಗಿ ಒಂಬತ್ತು ವರ್ಷ ಆತ್ರಿ" ಎಂದಳು.

ಡಬ್ಬಿಯನ್ನು ಪಕ್ಕಕ್ಕಿಟ್ಟು ಕುಳಿತು, ವಾರ್ಡಿನಲ್ಲಿ ಪಾಳಿ ಮುಗಿಸಿ ಮುಂದಿನವರಿಗೆ ಚಾರ್ಜ್ ಒಪ್ಪಿಸುವ ಹಾಗೆ, ಕ್ರಮವಾಗಿ ಎಲ್ಲ ಹೇಳಿದೆ. ದಿಮ್ಮಿ, ಶನಿವಾರ, ಭಾನುವಾರ, ಬುಧವಾರ, ಪುಸ್ತಕ. ನನ್ನ ದನಿ ಒಮ್ಮೆಯೂ ನಡುಗಲಿಲ್ಲ. ಅದಕ್ಕೂ ನನಗೆ ನಾಚಿಕೆಯಾಯಿತು. ಅವಳು ಪಲ್ಲೆ ಸೋಸುತ್ತಲೇ ಕೇಳಿದಳು.

"ಥರ್ಮಾಮೀಟರಿಂದು ಬಿಟ್ರಲ್ರಿ" ಎಂದಳು.

ಅವಳು ಪಲ್ಲೆಯ ಇನ್ನೊಂದು ಕಟ್ಟು ಬಿಚ್ಚಿದಳು.

"ನಮಗೆಲ್ಲಾ ಗೊತ್ತೈತ್ರಿ ಅಕ್ಕಾರ. ಆ ಹಮಾಲ ಕಾಕಾ ಕಾಲು ನೆಟ್ಟಗಾದ ಮ್ಯಾಲೆ ಮನೀಗೆ ಬಂದಿದ್ದ. ಡಾಕ್ಟರ ಕಡೆ ಹೋಗಿ ಹೇಳತೇನಿ ಅಂದ. ಅವ್ವ ಬ್ಯಾಡ ಅಂದ್ಲು. ಸಿಸ್ಟರು ಸಣ್ಣ ವಯಸ್ಸಿನ್ಯಾರು, ಅವರ ನೌಕರೀನೂ ಹೊಕ್ಕೈತಿ, ಇಬ್ಬರೂ ಮನ್ಯಾಗ ಕುಂತು ಏನ್ ಮಾಡೂದು ಅಂದ್ಲು." ಒಂದು ಕೊಳೆತ ಎಲೆ ತೆಗೆದು ಎಸೆದಳು. "ಆಮ್ಯಾಲೆ ನಮ್ಮನ್ಯಾಗ ಅದೊಂದು ಚ್ಯಾಷ್ಟಿ ಆಗಿತ್ರಿ. ಮೊಮ್ಮಕ್ಕಳು ಭಾಳ ಬಡಬಡಿಸಿದ್ರ ಅವ್ವ, ಥರ್ಮಾಮೀಟರ್ ಇಡಲೇನು, ಅಂತಿದ್ಲು. ಎಲ್ಲಾರೂ ನಗತಿದ್ವಿ. ಸಾಯೂ ಮುಂದ ನಾ ಅಳಾಕತ್ತಿದ್ದೆ. ನನಗೂ ಅದನ್ನ ಅಂದ್ಲು."

ನಲವತ್ತೆರಡು ವರ್ಷ ನಾನು ಒಬ್ಬಳೇ ಬಚ್ಚಿಟ್ಟುಕೊಂಡಿದ್ದೇನೆ ಎಂದುಕೊಂಡಿದ್ದು ಆ ಮನೆಯ ಮಕ್ಕಳ ಬಾಯಲ್ಲಿತ್ತು. ಆಯಾ ಅದನ್ನು ನಗೆಯಾಗಿ ಮಾಡಿ, ಊಟದ ಹೊತ್ತಿಗೆ ಎಲ್ಲರಿಗೂ ಹಂಚಿ, ಹಗುರ ಮಾಡಿಕೊಂಡಿದ್ದಳು. ನನ್ನ ಪಾಲಿನದು ಮಾತ್ರ ನನ್ನ ಬಳಿ ಹಾಗೆಯೇ ಇತ್ತು.

ಮಗಳು ಚಹಾ ಮಾಡಿದಳು. ಕುಡಿದೆ. ಎದ್ದಾಗ ಡಬ್ಬಿಯನ್ನು ಕಟ್ಟೆಯ ಮೇಲೇ ಬಿಟ್ಟು ಎರಡು ಹೆಜ್ಜೆ ಇಟ್ಟೆ.

"ಡಬ್ಬಿ ಮರತ್ರಿ."

"ಇರಲಿ. ಕುಸುಬಿ ಎಣ್ಣಿ. ಅವರು ತಲೀಗೆ ಹಚ್ಚತಿದ್ರು..."

ಅವಳು ಡಬ್ಬಿಯನ್ನು ಕೈಯಲ್ಲಿ ಎತ್ತಿ ಭಾರ ನೋಡಿದಳು. ತಾಯಿ ಹಾಗೆಯೇ ನೋಡುತ್ತಿದ್ದಳು, ತೂಗಿಬಿಡುವ ಮೊದಲು ಇಟ್ಟಂಗಿಯ ಚೀಲವನ್ನು.

"ಧಡಾ ಮಾಡಾಕ ಬಂದೀರೇನ್ರಿ ಅಕ್ಕಾರ?" ಎಂದಳು. ಮುಖದಲ್ಲಿ ಸಿಟ್ಟಿರಲಿಲ್ಲ, ನಗೆಯೂ ಇರಲಿಲ್ಲ. "ನಮ್ಮನ್ಯಾಗ ಎಣ್ಣಿ ಐತ್ರಿ." ಡಬ್ಬಿಯನ್ನು ನನ್ನ ಕೈಗೆ ಕೊಟ್ಟು, ಓಣಿಯ ತುದಿಯವರೆಗೆ ಬಂದು ಆಟೋ ನಿಲ್ಲಿಸಿದಳು.

ಒಂದೂವರೆಗೆ ಮನೆ ಸೇರಿದೆ. ಊಟ ಮಾಡಿದೆ. ಮಧ್ಯಾಹ್ನ ಮಲಗಲಿಲ್ಲ.

ಆ ರಿಪೋರ್ಟ್ ಪುಸ್ತಕ ಎಂದೋ ರದ್ದಿಗೆ ಹೋಗಿರಬೇಕು. ಇದ್ದಿದ್ದರೆ ಆ ಬುಧವಾರದ ಪುಟದಲ್ಲಿ ನನ್ನ ಸಾಲಿಗೆ ಅಡ್ಡಗೆರೆ ಎಳೆದು, ಪಕ್ಕದಲ್ಲಿ ಹೀಗೆ ಬರೆಯಬೇಕಿತ್ತು. ಸಂಜೆ ಐದಕ್ಕೆ ಒಂದು ಹಾಳೆ ತೆಗೆದುಕೊಂಡು ಬರೆದೆ:

ಏಳನೇ ಮಂಚ. ದಿಮ್ಮಿ ಬದಲಿಸಿದ್ದು ನಾನು. ಇಟ್ಟಂಗಿ ನೆಲಕ್ಕೆ ತಾಗುವುದೆಂದು ಆಯಾ ಎರಡು ಸಲ ಹೇಳಿದ್ದರು. ನಾನು ಬಗ್ಗಿ ನೋಡಲಿಲ್ಲ. ರೋಗಿ ಮಾತಾಡಲು ಬಂದಾಗ ಬಾಯಿಗೆ ಥರ್ಮಾಮೀಟರ್ ಇಟ್ಟೆ. ಅವನಿಗೆ ಜ್ವರ ಇರಲಿಲ್ಲ.

ಸಹಿ ಹಾಕಿದೆ. ಚಾರ್ಜ್ ತೆಗೆದುಕೊಂಡವರ ಸಹಿಯ ಜಾಗ ಖಾಲಿ ಉಳಿಯಿತು.

ಆಮೇಲೆ ಎಣ್ಣೆಯನ್ನು ಸೀಸೆಗೆ ಬಗ್ಗಿಸಿ, ಡಬ್ಬಿಯನ್ನು ಬಿಸಿನೀರಿನಲ್ಲಿ ಎರಡು ಸಲ ತೊಳೆದು, ಒರೆಸಿ, ಕಟ್ಟೆಯ ಮೇಲೆ ಬೋರಲು ಹಾಕಿದೆ. ಆರು ಗಂಟೆ ಹತ್ತು ನಿಮಿಷ.